ನಟಾಂಕುಶದ ಆಕ್ಷೇಪವೂ ಮೂಕಾಭಿನಯದ ಔಚಿತ್ಯವೂ

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕಾಗಿ ವಿಭಾಗಿಸಿರುವನು. ಇವುಗಳಲ್ಲಿ ವಾಕ್ಕು ಹಿಂದೆ ಸರಿದು ಅಂಗವೊಂದೇ ಕಥೆಯನ್ನು ಹೊತ್ತಾಗ ನಾಟಕವು ನಾಟಕವಾಗಿಯೇ ಉಳಿಯುವುದೆ? ಈ ಪ್ರಶ್ನೆಯನ್ನು ಕೇರಳದ ಕೂಡಿಯಾಟ್ಟದ ವಿಷಯದಲ್ಲಿ ತೀಕ್ಷ್ಣವಾಗಿ ಎತ್ತಿದ ಗ್ರಂಥವೇ ನಟಾಂಕುಶ. ಸುಮಾರು 15ನೆಯ ಶತಮಾನದ್ದೆಂದು ಎಣಿಸಲ್ಪಡುವ, ಕರ್ತೃವಿನ ಹೆಸರು ಉಳಿಯದ ಈ ಸಂಸ್ಕೃತ ಗ್ರಂಥವನ್ನು ಕೆ. ಜಿ. ಪೌಲೋಸ್ ಅವರು ಸಂಪಾದಿಸಿ 1993ರಲ್ಲಿ ಪ್ರಕಟಿಸಿದರು.

ಗ್ರಂಥಕಾರನ ಮುಖ್ಯ ಲಕ್ಷ್ಯವು ಅಂಗುಲೀಯಾಂಕ. ಎಂದರೆ ಶಕ್ತಿಭದ್ರನ ಆಶ್ಚರ್ಯಚೂಡಾಮಣಿಯ ಆರನೆಯ ಅಂಕ. ಇದರ ನಿರ್ವಹಣಭಾಗದಲ್ಲಿ ಹನುಮಂತನ ವೇಷದ ಚಾಕ್ಯಾರನು ಒಬ್ಬನೇ ನಿಂತು, ಮಿಳಾವಿನ ನಾದವನ್ನು ನೆಮ್ಮಿ, ಹಿಂದಿನ ರಾಮಕಥೆಯನ್ನು ಹಸ್ತನೇತ್ರಗಳಿಂದಲೇ ವಿಸ್ತರಿಸುವನು. ರಾಮನೂ ಅವನೇ, ಸೀತೆಯೂ ಅವನೇ. ಸ್ತ್ರೀಪಾತ್ರಕ್ಕೆ ತಿರುಗುವಾಗ ಉಡುಗೆಯ ಅಂಚನ್ನು ನಡುವಿಗೆ ಸಿಕ್ಕಿಸಿಕೊಳ್ಳುವುದೇ ಸಂಕೇತ. ಇದಕ್ಕೆ ಪಕರ್ನಾಟ್ಟವೆಂದು ಹೆಸರು. ಕಪಿಯ ವೇಷದಲ್ಲಿ ಸೀತೆಯ ಭಾವವನ್ನು ತೋರುವುದು ಆಹಾರ್ಯಕ್ಕೂ ಆಂಗಿಕಕ್ಕೂ ವಿರೋಧವೆಂಬುದು ಆಕ್ಷೇಪದ ತಿರುಳು.

ಇದಕ್ಕೆ ಭಾಣವನ್ನು ದೃಷ್ಟಾಂತವಾಗಿ ಕೊಟ್ಟು ಸಮಾಧಾನ ಹೇಳುವುದು ಸುಲಭ. ಅಲ್ಲಿಯೂ ಒಬ್ಬನೇ ನಟನು ಕಾಣದವರ ಮಾತನ್ನು ಕೇಳಿದಂತೆ ನಟಿಸಿ ತಾನೇ ನುಡಿಯುವನಷ್ಟೆ. ಆದರೆ ಈ ದೃಷ್ಟಾಂತವು ಸಾಲದು. ಭಾಣದ ವಿಟನು ಪರರ ಮಾತನ್ನು ಅನುವದಿಸಿದರೂ ವಿಟನಾಗಿಯೇ ಇರುವನು. ಚಾಕ್ಯಾರನಾದರೋ ಪರರ ಅನುಭಾವಗಳನ್ನೇ ತನ್ನ ಮೈಯಲ್ಲಿ ತಾಳುವನು.

ಸಮಾಧಾನವನ್ನು ಬೇರೆಡೆ ಅರಸಬೇಕು. ಹನುಮಂತನು ಇಲ್ಲಿ ಕಥೆಯನ್ನು ನೆನೆದು ಹೇಳುವವನು. ಬಾಯಿಂದ ಹೇಳುವವನು ರಾಮನ ಮಾತನ್ನು ರಾಮನ ಧ್ವನಿಯಲ್ಲಿ ನುಡಿದರೂ ಹನುಮಂತನೇ ಆಗಿರುವನಷ್ಟೆ. ಬಾಯಿಗೆ ಸಲ್ಲುವ ಈ ಅಧಿಕಾರವು ಕೈಗೂ ಕಣ್ಣಿಗೂ ಏಕೆ ಸಲ್ಲಬಾರದು? ಹೀಗೆ ನೋಡಿದರೆ ಬದಲಾಗದ ವೇಷವು ದೋಷವಲ್ಲ; ಕಾಣುತ್ತಿರುವ ಸೀತೆಯು ಹನುಮಂತನ ಭಕ್ತಿಯು ಕಂಡ ಸೀತೆಯೆಂದು ಸಹೃದಯನಿಗೆ ಕ್ಷಣಕ್ಷಣಕ್ಕೂ ನೆನಪಿಸುವ ಸಾಕ್ಷಿ. ಮಾತಿದ್ದ ಪಕ್ಷದಲ್ಲಿ ಈ ಎರಡು ಭಾವಗಳು ಒಂದಾದ ಮೇಲೊಂದು ಬರಬೇಕಾಗಿತ್ತು. ಮೌನದಲ್ಲಿ ಅವು ಏಕಕಾಲದಲ್ಲಿ ತೋರುವುವು.

ಇಷ್ಟರಿಂದ ನಟಾಂಕುಶವು ವ್ಯರ್ಥವಾಯಿತೆಂದು ತಿಳಿಯಲಾಗದು. ಮೇಲಣ ಸಮಾಧಾನವೇ ನಟನಿಗೊಂದು ಎಲ್ಲೆಯನ್ನು ಹಾಕುವುದು: ಅಭಿನಯಿಸುವುದೆಲ್ಲವೂ ಹನುಮಂತನ ಸ್ಮರಣೆಗೆ ಸಲ್ಲುವಂಥದಾಗಿರಬೇಕು. ಆ ಸಂಬಂಧವು ಕಡಿದು, ಹಸ್ತಪಾಟವವನ್ನು ಮೆರೆಯಿಸಲೆಂದೇ ವಿಸ್ತಾರವು ಬೆಳೆದಲ್ಲಿ, ಆಕ್ಷೇಪವು ನ್ಯಾಯವಾಗಿಯೇ ನಿಲ್ಲುವುದು. ಕೂಡಿಯಾಟ್ಟವು 2001ರಲ್ಲಿ ಯುನೆಸ್ಕೋ ಸಂಸ್ಥೆಯ ಮನ್ನಣೆಯನ್ನು ಪಡೆದ ಬಳಿಕ ಅದನ್ನು ಹೊಗಳುವವರು ಹೆಚ್ಚಿರುವರು. ಹೊಗಳಿಕೆಯು ಹೆಚ್ಚಿದಷ್ಟೂ ಈ ನಿಷ್ಠುರ ಗ್ರಂಥದ ಪ್ರಯೋಜನವೂ ಹೆಚ್ಚು. ಅಂಕುಶವಿರುವುದು ಆನೆಯನ್ನು ಕೊಲ್ಲುವುದಕ್ಕಲ್ಲ, ದಾರಿಯಲ್ಲಿ ನಡೆಸುವುದಕ್ಕೆ.