ದರ್ಜಿಯೂ ವೈದ್ಯನೂ: ಒಂದು ಧ್ವನಿವಿಚಾರ

ವಾಚ್ಯಾರ್ಥವನ್ನು ಮೀರಿ ಸ್ಫುರಿಸುವ ಅರ್ಥವೇ ಕಾವ್ಯದ ಆತ್ಮವೆಂದು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಸಾಧಿಸಿದನು. ಆತನು ಕೊಡುವ ಮೊದಲ ಉದಾಹರಣೆಯು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದುದು. ಗೋದಾವರಿಯ ದಡದ ಪೊದೆಯಲ್ಲಿ ನಲ್ಲನನ್ನು ಕೂಡುವ ಹೆಣ್ಣೊಬ್ಬಳು, ಆ ಕಡೆ ಸುಳಿಯುವ ಧಾರ್ಮಿಕನೊಬ್ಬನಿಗೆ ಇನ್ನು ನಿರ್ಭಯವಾಗಿ ತಿರುಗಾಡಬಹುದೆಂದೂ ಅವನನ್ನು ಕಾಡುತ್ತಿದ್ದ ನಾಯನ್ನು ಅಲ್ಲಿರುವ ಸಿಂಹವು ಕೊಂದುಹಾಕಿತೆಂದೂ ತಿಳಿಸುತ್ತಾಳೆ. ಮಾತು ಬಾ ಎನ್ನುತ್ತದೆ; ಅರ್ಥವು ಬರಬೇಡವೆನ್ನುತ್ತದೆ. ಈ ಹೆಣ್ಣು ಮರೆಯಿಟ್ಟು ಮಾತನಾಡಿದುದು ಕೇವಲ ಚಾತುರ್ಯಪ್ರದರ್ಶನಕ್ಕಾಗಿ ಅಲ್ಲವೆಂಬುದನ್ನು ಮರೆಯಲಾಗದು. ಬಿಚ್ಚಿ ಹೇಳಿದ ಪಕ್ಷದಲ್ಲಿ ಅವಳ ಪ್ರೇಮಕ್ಕೆ ಊರಿನಲ್ಲಿ ಸ್ಥಳವಿಲ್ಲ. ಹೀಗೆ ಧ್ವನಿಗೂ ಗೋಪನಕ್ಕೂ ಇರುವ ನಂಟು ಬಹಳ ಹಳೆಯದು.

ಈ ನಂಟನ್ನೇ ಆಧಾರವಾಗಿಟ್ಟುಕೊಂಡು ಪಾಶ್ಚಾತ್ಯ ದೇಶಗಳಲ್ಲಿ ಒಂದು ಬಗೆಯ ವಾಚನಕ್ರಮವು ಬೆಳೆದಿದೆ. ಅದಕ್ಕೆ ಕ್ವಿಯರ್ ವಾಚನವೆಂದು ಹೆಸರು. ಗಂಡುಹೆಣ್ಣುಗಳ ಪ್ರೇಮವೊಂದೇ ಪ್ರೇಮವೆಂಬ ಕಟ್ಟಿಗೆ ಒಳಪಡದ ಅನುರಾಗವು ಕೃತಿಯಲ್ಲಿ ಮರೆಯಾಗಿರುವ ಎಡೆಗಳನ್ನು ಗುರುತಿಸುವುದೇ ಇದರ ಕಾರ್ಯ. 1966ರಲ್ಲಿ ಅಮೇರಿಕಾದಲ್ಲಿ ಪ್ರಾರಂಭವಾದ ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಧಾರಾವಾಹಿಯ ನಾಯಕನಾದ ಕರ್ಕ್, ಅವನ ಸಂಗಾತಿಯಾದ ಸ್ಪಾಕ್, ಈ ಇಬ್ಬರನ್ನು ಪ್ರೇಮಿಗಳೆಂದು ಭಾವಿಸಿ ಅಭಿಮಾನಿಗಳು 1970ರ ದಶಕದಿಂದಲೇ ಕಥೆಗಳನ್ನು ಬರೆದು ಹಂಚಿಕೊಂಡರು. ಇದು ಸಹೃದಯತೆಯೆಂದು ಕೆಲವರೂ, ಕೃತಿಯ ಮೇಲೆ ಮಾಡುವ ಬಲಾತ್ಕಾರವೆಂದು ಕೆಲವರೂ ವಾದಿಸುತ್ತಾರೆ. ಸಾಮಾನ್ಯವಾದ ವಾಗ್ವಾದದಿಂದ ಈ ಪ್ರಶ್ನೆ ತೀರತಕ್ಕದ್ದಲ್ಲ. ಒಂದು ಕೃತಿಯನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸುವುದೇ ಸರಿಯಾದ ದಾರಿ.

ಆ ಪರೀಕ್ಷೆಗೆ ತಕ್ಕ ಕೃತಿಯೆಂದರೆ ಅದೇ ಸರಣಿಯ ‘ಡೀಪ್ ಸ್ಪೇಸ್ ನೈನ್’. ಇದು 1993ರಿಂದ 1999ರವರೆಗೆ ಏಳು ವರ್ಷಗಳ ಕಾಲ ಪ್ರಸಾರವಾಯಿತು. ಕಥೆಯು ನಡೆಯುವುದು ಆಕಾಶದಲ್ಲಿರುವ ಒಂದು ಠಾಣೆಯಲ್ಲಿ. ಅದನ್ನು ಕಟ್ಟಿದವರು ಕಾರ್ಡೇಸಿಯನ್ನರೆಂಬ ಕಠೋರ ಜನಾಂಗದವರು. ನೆರೆಯ ಗ್ರಹವನ್ನು ಬಹುಕಾಲ ಆಕ್ರಮಿಸಿಕೊಂಡಿದ್ದು ಕೊನೆಗೆ ತೆರವು ಮಾಡಿ ಹೋದವರು. ಅವರಲ್ಲಿ ಒಬ್ಬನು ಮಾತ್ರ ಹಿಂದೆ ಉಳಿದಿದ್ದಾನೆ. ಅವನ ಹೆಸರು ಗ್ಯಾರಕ್. ತಾನು ಬರಿಯ ದರ್ಜಿಯೆಂದು ಹೇಳಿಕೊಳ್ಳುತ್ತಾನೆ. ವಾಸ್ತವವಾಗಿ ದೇಶಭ್ರಷ್ಟನಾದ ಗೂಢಚಾರ. ಠಾಣೆಯ ವೈದ್ಯನು ಜೂಲಿಯನ್ ಬಶೀರ್ ಎಂಬ ತರುಣ. ವೈದ್ಯನು ಪ್ರಧಾನ ಪಾತ್ರಗಳಲ್ಲೊಬ್ಬ. ದರ್ಜಿಯು ಆಗಾಗ ಬಂದುಹೋಗುವ ಉಪಪಾತ್ರ. ವೈದ್ಯನಾಗಿ ಅಲೆಕ್ಸಾಂಡರ್ ಸಿದ್ದಿಗ್, ದರ್ಜಿಯಾಗಿ ಆಂಡ್ರ್ಯೂ ರಾಬಿನ್ಸನ್ ಅಭಿನಯಿಸಿದರು.

1993ರ ‘ಪಾಸ್ಟ್ ಪ್ರೋಲಾಗ್’ ಎಂಬ ಕಂತಿನಲ್ಲಿ ಇವರ ಪ್ರಥಮ ಸಮಾಗಮ. ವೈದ್ಯನು ಒಬ್ಬನೇ ಕುಳಿತಿರುವಾಗ ದರ್ಜಿಯು ತಾನಾಗಿ ಬಂದು ಪರಿಚಯ ಹೇಳಿಕೊಳ್ಳುತ್ತಾನೆ. ದೃಷ್ಟಿಯನ್ನು ಅವನ ಮುಖದಿಂದ ಕದಲಿಸದೆ ನಯವಾಗಿ ಮಾತನಾಡುತ್ತಾನೆ. ಹೊರಡುವಾಗ ಹಿಂದಿನಿಂದ ಅವನ ಎರಡು ಭುಜಗಳ ಮೇಲೂ ಕೈಯಿಟ್ಟು, ಒಂದು ಕ್ಷಣ ಹೆಚ್ಚೇ ತಡೆದು, ಹೋಗುತ್ತಾನೆ. ತರುಣನು ಮೈಪುಳಕಗೊಂಡವನಂತೆ ಮೇಲಧಿಕಾರಿಗಳ ಬಳಿಗೆ ಓಡಿ, ಗೂಢಚಾರನು ತನ್ನನ್ನು ಮಾತನಾಡಿಸಿದನೆಂದು ಸಾರುತ್ತಾನೆ. ಮಾತುಗಳನ್ನು ಮಾತ್ರ ಕಾಗದದ ಮೇಲೆ ಓದಿದವರಿಗೆ ಇಲ್ಲಿ ವಿಶೇಷವೇನೂ ತೋರದು. ಕಂಡವರಿಗಾದರೋ ನೋಟ, ಸ್ಪರ್ಶ, ವಿಳಂಬಗಳೆಂಬ ಅನುಭಾವಗಳು ಬೇರೊಂದನ್ನೇ ಹೇಳಿದುವು. ಸ್ಥಾಯಿಭಾವಕ್ಕೆ ಹೆಸರು ಹೇಳಬೇಕಾಗಿಲ್ಲ, ಹೆಸರು ಹೇಳಿದರೆ ರಸವು ಹುಟ್ಟುವುದೂ ಇಲ್ಲವೆಂಬುದು ಆಲಂಕಾರಿಕರ ಸಿದ್ಧಾಂತವಷ್ಟೆ.

ಇದಕ್ಕೆ ಮೊದಲನೆಯ ಆಕ್ಷೇಪವು ಸುಲಭವಾದುದು. ಗೂಢಚಾರನು ಎಳೆಯನನ್ನು ಮರುಳುಗೊಳಿಸಿ ತನ್ನ ಕಾರ್ಯವನ್ನು ಸಾಧಿಸಿಕೊಳ್ಳುವನು, ನಯವೆಲ್ಲವೂ ಬಲೆ, ಇದರಲ್ಲಿ ಅನುರಾಗವೆಲ್ಲಿ? ಮೊದಲ ಕಂತಿಗೆ ಈ ಸಮಾಧಾನವು ಸಾಲುತ್ತದೆ. ಆದರೆ 1994ರ ‘ದಿ ವೈರ್’ ಎಂಬ ಕಂತಿಗೆ ಸಾಲದು. ಚಿತ್ರಹಿಂಸೆಯನ್ನು ಸಹಿಸಲೆಂದು ದರ್ಜಿಯ ತಲೆಯೊಳಗೆ ಹಿಂದೆ ಇರಿಸಿದ್ದ, ಸುಖವನ್ನುಂಟುಮಾಡುವ ಒಂದು ಯಂತ್ರವನ್ನು ಅವನು ದೇಶಭ್ರಷ್ಟಜೀವನದ ಬೇಸರವನ್ನು ತಾಳಲಾರದೆ ಸದಾ ಚಾಲನೆಯಲ್ಲಿಟ್ಟಿದ್ದನು. ಅದೀಗ ಕೆಟ್ಟು ಅವನು ಸಾಯುತ್ತಿದ್ದಾನೆ. ವೈದ್ಯನು ಬಿಟ್ಟು ಹೋಗಲೊಲ್ಲನು. ದರ್ಜಿಯು ಅವನನ್ನು ಬೈಯುತ್ತಾನೆ, ತನ್ನ ಬಹಿಷ್ಕಾರಕ್ಕೆ ಕಾರಣವನ್ನು ಮೂರು ಸಲ ಮೂರು ವಿಧವಾಗಿ ಹೇಳುತ್ತಾನೆ, ಕೊನೆಗೆ ತನ್ನನ್ನು ಯಾರಾದರೊಬ್ಬರು ಕ್ಷಮಿಸಬೇಕೆಂದು ಬೇಡುತ್ತಾನೆ. ವೈದ್ಯನು ಕ್ಷಮಿಸಿ ಕೈಹಿಡಿಯುತ್ತಾನೆ. ಸಾಧಿಸಿಕೊಳ್ಳುವ ಕಾರ್ಯವು ಯಾವುದೂ ಇಲ್ಲದ ಎಡೆಯಲ್ಲಿಯೂ ಗೂಢಚಾರನ ತಂತ್ರವೆಂದರೆ ಒಪ್ಪುವವರಾರು? ಬಲೆಯೆಂಬ ವ್ಯಾಖ್ಯಾನವು ಇಲ್ಲಿ ಹರಿಯಿತು.

ಇವರ ಸಂಬಂಧದಲ್ಲಿ ಇನ್ನೊಂದು ಅಂಶವು ಸಾಹಿತ್ಯಾಸಕ್ತರಿಗೆ ಪ್ರಿಯವಾಗತಕ್ಕದ್ದು. ಇಬ್ಬರೂ ಜೊತೆಯಾಗಿ ಮಧ್ಯಾಹ್ನದ ಊಟಕ್ಕೆ ಕುಳಿತು ಪುಸ್ತಕಗಳನ್ನು ಕುರಿತು ಜಗಳವಾಡುವರು. ರಾಷ್ಟ್ರಸೇವೆಯಲ್ಲಿಯೇ ತಲೆಮಾರು ತಲೆಮಾರುಗಳು ಸವೆಯುವ ತನ್ನ ನಾಡಿನ ಮಹಾಕಥೆಯನ್ನು ದರ್ಜಿಯು ಹೊಗಳುವನು. ವೈದ್ಯನಿಗೆ ಅದು ನೀರಸ. ವೈದ್ಯನು ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಕೊಟ್ಟರೆ, ಕಣ್ಣೆದುರಿನ ಒಳಸಂಚನ್ನು ಕಾಣದ ಸೀಸರನು ಮೂರ್ಖನೆಂದು ದರ್ಜಿಯು ತಳ್ಳಿಹಾಕುವನು. ಆದರೆ 1995ರ ‘ದಿ ಡೈ ಈಸ್ ಕಾಸ್ಟ್’ ಕಂತಿನಲ್ಲಿ, ಅವನ ಹಳೆಯ ಒಡೆಯನಾದ ಟೇನ್ ಶತ್ರುವಿನ ಸಂಚಿಗೆ ಸಿಕ್ಕಿ ಸೇನೆಯೆಲ್ಲ ನಾಶವಾಗುತ್ತಿರುವ ಸಮಯದಲ್ಲಿ, ಅದೇ ನಾಟಕದ ಮಾತೊಂದು ದರ್ಜಿಯ ಬಾಯಿಂದ ಹೊರಡುತ್ತದೆ. ಅದು ವೈದ್ಯನಿಂದ ಕಲಿತುದೆಂದೂ ಹೇಳುತ್ತಾನೆ. ವೈದ್ಯನು ಅಲ್ಲಿಲ್ಲ. ತಾನು ಜರೆದ ಪುಸ್ತಕವನ್ನು ಮನಸ್ಸಿನಲ್ಲಿ ಹೊತ್ತು ತಿರುಗುವವನು ಪುಸ್ತಕವನ್ನು ಮಾತ್ರ ಹೊತ್ತಿರುವನೆ?

ಕೃತಿಯು ತಾನೇ ಒದಗಿಸುವ ಬೀಗದ ಕೈಯೊಂದು ಇನ್ನೂ ಉಂಟು. ಅದೇ ವರ್ಷದ ‘ಡೆಸ್ಟಿನಿ’ ಎಂಬ ಕಂತಿನಲ್ಲಿ ಠಾಣೆಯ ಯಂತ್ರಾಧಿಕಾರಿಯಾದ ಓಬ್ರಯನ್ನನು ಕಾರ್ಡೇಸಿಯನ್ ವಿಜ್ಞಾನಿಯಾದ ಹೆಂಗಸಿನ ಸಂಗಡ ಸಿಡುಕಿನಿಂದ ವಾದಿಸುತ್ತಾನೆ. ಅವಳು ಅದನ್ನು ಪ್ರಣಯದ ಸೂಚನೆಯೆಂದು ತಿಳಿಯುತ್ತಾಳೆ. ಅವರ ಜನಾಂಗದಲ್ಲಿ ಸಿಡುಕಿನ ವಾಗ್ವಾದವೇ ಒಲವಿನ ಭಾಷೆ. ಇದನ್ನು ಬರೆದವರ ಮನಸ್ಸಿನಲ್ಲಿ ದರ್ಜಿಯ ವಿಚಾರವಿದ್ದಿರಬೇಕಾಗಿಲ್ಲ. ಆದರೆ ಪ್ರಕರಣದ ಒಂದು ವಾಕ್ಯವು ಇನ್ನೊಂದಕ್ಕೆ ಬೆಳಕು ಹಿಡಿಯುವುದೆಂಬ ನ್ಯಾಯವು ಮೀಮಾಂಸೆಯನ್ನು ಓದಿದವರಿಗೆ ಹೊಸದಲ್ಲ. ಊಟದ ಮೇಜಿನ ಆ ಜಗಳಗಳೆಲ್ಲವೂ ಇದರ ಬೆಳಕಿನಲ್ಲಿ ಬೇರೆಯಾಗಿ ಕಾಣುವುದು ಸಹಜವೇ ಸರಿ.

ಎರಡನೆಯ ಆಕ್ಷೇಪವು ಹೆಚ್ಚು ಗೌರವಕ್ಕೆ ಅರ್ಹವಾದುದು. ಗಂಡಸರಿಬ್ಬರ ಸ್ನೇಹವನ್ನು ಕಂಡಲ್ಲೆಲ್ಲ ಶೃಂಗಾರವನ್ನು ಊಹಿಸಿದರೆ ಸ್ನೇಹವೆಂಬ ಉತ್ತಮ ವಸ್ತುವೇ ಲೋಕದಲ್ಲಿ ಉಳಿಯದೆಂಬ ಭಯ ಇದರಲ್ಲಿದೆ. ಈ ಭಯಕ್ಕೆ ಉತ್ತರವೂ ಅದೇ ಕೃತಿಯಲ್ಲಿದೆ. ವೈದ್ಯನಿಗೂ ಓಬ್ರಯನ್ನನಿಗೂ ಬೆಳೆದ ಸ್ನೇಹವು ಏಳು ವರ್ಷಗಳ ಉದ್ದಕ್ಕೂ ಸ್ಪಷ್ಟವಾಗಿ ಚಿತ್ರಿತವಾಗಿದೆ: ಒಟ್ಟಿಗೆ ಆಟ, ಒಟ್ಟಿಗೆ ಪಾನ, ಒಟ್ಟಿಗೆ ಅಪಾಯ. 1999ರ ‘ಎಕ್ಸ್ಟ್ರೀಮ್ ಮೆಷರ್ಸ್’ ಕಂತಿನಲ್ಲಿ, ನಿನಗೆ ಹೆಂಡತಿಗಿಂತ ನಾನೇ ಇಷ್ಟವೆಂದು ಒಪ್ಪಿಕೊಳ್ಳೆಂದು ವೈದ್ಯನು ಗೆಳೆಯನನ್ನು ಕೆಣಕುತ್ತಾನೆ. ಈ ಸ್ನೇಹವನ್ನು ಕುರಿತು ಕೃತಿಯು ಬಹಿರಂಗವಾಗಿ ಪರಿಹಾಸ ಮಾಡಬಲ್ಲುದು, ಏಕೆಂದರೆ ಅಲ್ಲಿ ಭಯಪಡುವುದಕ್ಕೆ ಏನೂ ಇಲ್ಲ. ದರ್ಜಿಯ ವಿಷಯದಲ್ಲಾದರೋ ಅಂಥ ಪರಿಹಾಸವಿಲ್ಲ, ಮೌನವಿದೆ. ಸ್ನೇಹವಾವುದು, ಅದಕ್ಕಿಂತ ಬೇರೆಯಾದುದಾವುದು ಎಂಬ ವಿವೇಕವನ್ನು ಕೃತಿಯೇ ಕಲಿಸುತ್ತಿರುವಾಗ ಎರಡನ್ನೂ ಒಂದೇ ಎನ್ನುವುದು ಸ್ನೇಹಕ್ಕೆ ಮಾಡುವ ಉಪಕಾರವಲ್ಲ.

ಮೂರನೆಯ ಆಕ್ಷೇಪವು ಶಾಸ್ತ್ರದ ಹೆಸರಿನಲ್ಲಿ ಬರುವಂಥದು: ಇಂಥ ರತಿಯು ಅನುಚಿತ, ಆದುದರಿಂದ ಇಲ್ಲಿರುವುದು ರಸಾಭಾಸ ಎಂಬುದು. ಆಲಂಕಾರಿಕರು ರಸಾಭಾಸಕ್ಕೆ ಕೊಡುವ ಉದಾಹರಣೆಗಳಲ್ಲಿ ಗುರುಪತ್ನಿಯಲ್ಲಿ ಇಟ್ಟ ರತಿ ಒಂದು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇರುವ ರತಿ ಇನ್ನೊಂದು. ಮೊದಲನೆಯದರಲ್ಲಿ ದ್ರೋಹ, ಎರಡನೆಯದರಲ್ಲಿ ಪರಸ್ಪರತೆಯ ಅಭಾವ. ಕಾಲಕಾಲದ ಲೋಕಾಚಾರವನ್ನು ಅನುಸರಿಸಿ ಔಚಿತ್ಯದ ಎಲ್ಲೆ ಸರಿಯುತ್ತದೆ. ದ್ರೋಹ, ಅನನ್ಯೋನ್ಯತೆ ಎಂಬ ಎರಡು ಒರೆಗಲ್ಲುಗಳು ಮಾತ್ರ ಎಲ್ಲ ಕಾಲಕ್ಕೂ ಸಲ್ಲುವುವು. ಇವುಗಳಿಗೆ ತಿಕ್ಕಿ ನೋಡಿದರೆ ದರ್ಜಿಯ ಅನುರಾಗವು ಯಾರಿಗೂ ಬಗೆದ ದ್ರೋಹವಲ್ಲ. ಪರಸ್ಪರತೆಯ ಮಾತು ಬೇರೆ. ವೈದ್ಯನಲ್ಲಿ ಕುತೂಹಲವುಂಟು, ಕರುಣೆಯುಂಟು, ಮೆಚ್ಚಿಕೆಯುಂಟು. ಅವನ ಕಣ್ಣು ಮಾತ್ರ ಒಬ್ಬಳಲ್ಲದಿದ್ದರೆ ಇನ್ನೊಬ್ಬ ಹೆಣ್ಣಿನ ಕಡೆಗೆ ತಿರುಗಿರುತ್ತದೆ. ಇಬ್ಬರೂ ಪ್ರೇಮಿಗಳೆಂದು ಸಾರುವ ವಾಚಕರು ಕೃತಿಯು ಕೊಟ್ಟುದಕ್ಕಿಂತ ಹೆಚ್ಚನ್ನು ತೆಗೆದುಕೊಂಡಂತಾಗುವುದು. ಏನೂ ಇಲ್ಲವೆನ್ನುವವರು ಕೊಟ್ಟುದನ್ನೂ ತೆಗೆದುಕೊಳ್ಳದವರು. ಕೃತಿಯಲ್ಲಿ ಧ್ವನಿತವಾಗಿರುವುದು ಒಬ್ಬನ ಒಲವು, ಅದಕ್ಕೆ ಇನ್ನೊಬ್ಬನಿಂದ ದೊರೆತ ಅರೆಯರಿವಿನ ಆದರ. ಪ್ರಾಚೀನರು ಆಭಾಸವೆಂದರೂ ಲೋಕದಲ್ಲಿ ಎಷ್ಟೋ ಹೃದಯಗಳ ಸ್ಥಿತಿ ಇದೇ ಆಗಿದೆ. ಅದನ್ನು ಚಿತ್ರಿಸಿದ ಕೃತಿಗೆ ಇದರಿಂದ ನ್ಯೂನತೆಯಿಲ್ಲ.

ಹಾಗಾದರೆ ದೋಷವೆಲ್ಲಿ? ಮೌನವು ಎರಡು ತೆರನಾದುದು. ಹೇಳಬಲ್ಲವನು ರಸಕ್ಕಾಗಿ ಹೇಳದೆ ಬಿಡುವುದು ಒಂದು. ಹೇಳಗೊಡದವರ ಭಯದಿಂದ ಬಾಯಿ ಕಟ್ಟುವುದು ಇನ್ನೊಂದು. ಈ ಪಾತ್ರದ ಲೈಂಗಿಕತೆಯು ಗಂಡು ಹೆಣ್ಣೆಂಬ ಎಲ್ಲೆಯಿಲ್ಲದ್ದೆಂದು ಭಾವಿಸಿಯೇ ತಾನು ಅಭಿನಯಕ್ಕೆ ತೊಡಗಿದುದಾಗಿ ರಾಬಿನ್ಸನ್ ತರುವಾಯ ತಿಳಿಸಿರುವನು. ಇಂಥ ಅಸ್ಪಷ್ಟತೆಗೆ ಅಮೇರಿಕದ ಜನರು ಅಳುಕುವರೆಂದೂ, ಮನೆಮಂದಿಯೆಲ್ಲ ನೋಡುವ ಧಾರಾವಾಹಿಯಾದುದರಿಂದ ಅದನ್ನು ಮುಂದುವರಿಸಲಾಗಲಿಲ್ಲವೆಂದೂ ಹೇಳಿರುವನು. ನಾಲ್ಕನೆಯ ವರ್ಷದ ಮುಂದೆ ದರ್ಜಿಯೂ ವೈದ್ಯನೂ ಎದುರುಬದುರಾಗಿ ಕೂಡುವ ದೃಶ್ಯಗಳು ವಿರಳವಾದುವು. 1996ರಿಂದ ಜಿಯಾಲ್ ಎಂಬ ತರುಣಿಯು ದರ್ಜಿಯನ್ನು ಪ್ರೀತಿಸತೊಡಗಿದಳು. ಆ ಪ್ರೀತಿಯಲ್ಲಿ ಅವಳ ಕಡೆಯ ಭಾವವು ಕಾಣುತ್ತದೆಯೇ ಹೊರತು ಅವನದು ಅಷ್ಟಾಗಿ ಕಾಣದು. ಮೊದಲ ವರ್ಷಗಳ ಮೌನವು ಕಾವ್ಯದ ಮೌನ. ಅನಂತರದ ಮೌನವು ಅಂಗಡಿಯ ಬಾಗಿಲು ಹಾಕಿದಂಥ ಮೌನ.

1995ರ ‘ರಿಜಾಯಿನ್ಡ್’ ಕಂತಿನಲ್ಲಿ ಇದೇ ಧಾರಾವಾಹಿಯು ಹೆಂಗಸರಿಬ್ಬರ ಚುಂಬನವನ್ನು ತೋರಿಸಲಿಲ್ಲವೆ ಎಂದು ಯಾರಾದರೂ ಕೇಳಬಹುದು. ತೋರಿಸಿತು, ಅದು ಧೈರ್ಯದ ಕಾರ್ಯವೂ ಅಹುದು. ಆದರೆ ಆ ಇಬ್ಬರು ಹಿಂದಿನ ಒಂದು ಜೀವಿತದಲ್ಲಿ ಗಂಡಹೆಂಡಿರಾಗಿದ್ದರೆಂಬ ಕಥೆಯನ್ನು ಅದಕ್ಕೆ ಆಸರೆಯಾಗಿ ಕಟ್ಟಲಾಯಿತು. ಗಂಡಸರಿಬ್ಬರಿಗೆ ಆ ಆಸರೆಯೂ ದೊರೆಯಲಿಲ್ಲ.

ಮುಚ್ಚಿದ ಬಾಗಿಲು ಅನಂತರ ಸ್ವಲ್ಪ ಸ್ವಲ್ಪವಾಗಿ ತೆರೆಯಿತು. 2000ದಲ್ಲಿ ರಾಬಿನ್ಸನ್ ತಾನೇ ‘ಎ ಸ್ಟಿಚ್ ಇನ್ ಟೈಮ್’ ಎಂಬ ಕಾದಂಬರಿಯನ್ನು ಬರೆದನು. ಅದು ದರ್ಜಿಯು ತನ್ನ ಜೀವಿತವನ್ನೆಲ್ಲ ವೈದ್ಯನಿಗೆ ನಿವೇದಿಸುವ ದೀರ್ಘಪತ್ರ. ಒಬ್ಬನು ಬರೆಯುತ್ತಾನೆ, ಇನ್ನೊಬ್ಬನು ದೂರದಲ್ಲಿದ್ದಾನೆ: ಅಭಿನಯದಲ್ಲಿ ಧ್ವನಿತವಾದ ಸಂಬಂಧಕ್ಕೆ ಇದಕ್ಕಿಂತ ಉಚಿತವಾದ ಸಾಹಿತ್ಯರೂಪವಿಲ್ಲ. ಧಾರಾವಾಹಿಯನ್ನು ನಡೆಸಿದ ಐರಾ ಸ್ಟೀವನ್ ಬೇರ್ ಎಂಬವನು ಬಹುಕಾಲದ ತರುವಾಯ ಅದನ್ನು ಕುರಿತ ಸಾಕ್ಷ್ಯಚಿತ್ರದಲ್ಲಿ, ಈ ವಿಷಯದಲ್ಲಿ ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂದು ಒಪ್ಪಿಕೊಂಡನು. 2024ರಲ್ಲಿ ‘ಲೋವರ್ ಡೆಕ್ಸ್’ ಎಂಬ ಅನಿಮೇಷನ್ ಧಾರಾವಾಹಿಯ ‘ಫಿಷರ್ ಕ್ವೆಸ್ಟ್’ ಕಂತಿನಲ್ಲಿ, ಬೇರೆ ವಿಶ್ವಗಳಿಗೆ ಸೇರಿದ ಗ್ಯಾರಕ್ ಬಶೀರರು ದಂಪತಿಗಳಾಗಿಯೇ ಕಾಣಿಸಿಕೊಂಡರು. ಧ್ವನಿಯನ್ನಿತ್ತವರು ಅದೇ ರಾಬಿನ್ಸನ್ ಮತ್ತು ಸಿದ್ದಿಗ್. ವ್ಯಂಗ್ಯವು ವಾಚ್ಯವಾಯಿತು. ಕಾವ್ಯದೃಷ್ಟಿಯಿಂದ ನೋಡಿದರೆ ಭುಜದ ಮೇಲಿಟ್ಟ ಆ ಕೈಗಳ ಚೆಲುವು ಈ ಸ್ಪಷ್ಟೋಕ್ತಿಯಲ್ಲಿ ಇಲ್ಲ. ಆದರೆ ಮೂವತ್ತೊಂದು ವರ್ಷ ಕಾದವರಿಗೆ ಕಾವ್ಯದೃಷ್ಟಿಯೊಂದನ್ನೇ ಉಪದೇಶಿಸುವುದು ಹೊಟ್ಟೆತುಂಬಿದವರ ಮಾತಾದೀತು.

ಈ ಪ್ರಸಂಗದಿಂದ ವಿಮರ್ಶಕನು ಕಲಿಯಬೇಕಾದುದು ಇಷ್ಟು. ಮರೆಯಾದ ಅರ್ಥವನ್ನು ಹುಡುಕುವ ವಾಚಕನನ್ನು ಇಲ್ಲದುದನ್ನು ಕಾಣುವವನೆಂದು ಮೊದಲೇ ತಿರಸ್ಕರಿಸಲಾಗದು. ಕೃತಿಯಲ್ಲಿ ಅನುಭಾವಗಳುಂಟೆ, ಬೇರೆ ವ್ಯಾಖ್ಯಾನದಿಂದ ಅವು ತೀರುವುವೆ ಎಂದು ಕೇಳಬೇಕು. ಅವು ತೀರದಿದ್ದಲ್ಲಿ ಆ ವಾಚಕನ ಪಕ್ಷವೇ ಶಾಸ್ತ್ರಸಮ್ಮತ. ತನ್ನಂಥವರ ಒಲವನ್ನು ತೆರೆಯ ಮೇಲೆ ಎಲ್ಲಿಯೂ ಕಾಣದ ತರುಣನೊಬ್ಬನು 1993ರಲ್ಲಿ ಒಬ್ಬ ದರ್ಜಿಯ ನೋಟವನ್ನು ಕಂಡು ಅದು ಏನೆಂದು ಅರಿತಿದ್ದರೆ, ಆನಂದವರ್ಧನನು ಸಹೃದಯನೆಂದು ಕರೆದುದು ಅಂಥವನನ್ನೇ. ಆ ತರುಣನು ಸರಿಯಾಗಿಯೇ ಓದಿದ್ದನೆಂದು ಅವನಿಗೆ ಯಾರಾದರೂ ಆಗಲೇ ಹೇಳಬೇಕಾಗಿತ್ತು.