ಟರ್ಬೈನ್ ಇದ್ದ ಜಾಗ

ಲಂಡನ್ನಿನ ಥೇಮ್ಸ್ ದಂಡೆಯ ಮೇಲಿರುವ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ಮೊದಲು ಎಣ್ಣೆ ಉರಿಸಿ ವಿದ್ಯುತ್ ತಯಾರಿಸುತ್ತಿದ್ದ ಸ್ಥಾವರ. ಕಟ್ಟಡದ ವಿನ್ಯಾಸ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರದು. ಬ್ರಿಟನ್ನಿನ ಕೆಂಪು ಟೆಲಿಫೋನ್ ಬೂತ್ ರೂಪಿಸಿದವರೂ ಅವರೇ. 1981ರಲ್ಲಿ ಸ್ಥಾವರ ಮುಚ್ಚಿತು. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಅದಕ್ಕೆ ಮರುಜೀವ ಕೊಟ್ಟರು; 2000ರಲ್ಲಿ ಅದು ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು.

ಅವರ ಕೆಲಸದಲ್ಲಿ ನನಗೆ ತುಂಬ ಹಿಡಿಸುವುದು ಟರ್ಬೈನ್ ಹಾಲ್. ಯಂತ್ರಗಳನ್ನು ತೆಗೆದ ಮೇಲೆ ಉಳಿದದ್ದು 152 ಮೀಟರ್ ಉದ್ದ, 35 ಮೀಟರ್ ಎತ್ತರದ ಬಯಲು. ಅಲ್ಲಿ ಮಹಡಿ ಮೇಲೆ ಮಹಡಿ ಹಾಕಿ ಕೋಣೆಗಳನ್ನು ತುಂಬಬಹುದಿತ್ತು. ಹಾಗೆ ಮಾಡದೆ ಉಕ್ಕಿನ ಕಂಬಗಳನ್ನೂ ಭಾರ ಎತ್ತುವ ಕ್ರೇನನ್ನೂ ಕಣ್ಣಿಗೆ ಕಾಣುವಂತೆ ಬಿಟ್ಟರು. ಪಶ್ಚಿಮದ ಬಾಗಿಲಿನಿಂದ ಅಗಲವಾದ ಇಳಿಜಾರು ಸೀದಾ ಒಳಕ್ಕೆ ಕರೆದೊಯ್ಯುತ್ತದೆ. 2003ರಲ್ಲಿ ಕಲಾವಿದ ಓಲಾಫರ್ ಎಲಿಯಾಸನ್ ಇಲ್ಲೊಂದು ಕೃತಕ ಸೂರ್ಯನನ್ನು ಬೆಳಗಿಸಿದಾಗ ಜನ ನೆಲದ ಮೇಲೆ ಅಂಗಾತ ಮಲಗಿ, ಕನ್ನಡಿಯ ಚಾವಣಿಯಲ್ಲಿ ತಮ್ಮನ್ನೇ ಹುಡುಕಿಕೊಂಡರು. ಹೊಸದಾಗಿ ಕಟ್ಟುವ ಯಾವ ಸಂಗ್ರಹಾಲಯ ಇಷ್ಟು ದೊಡ್ಡ ಖಾಲಿತನವನ್ನು ಕೇಳುವ ಧೈರ್ಯ ಮಾಡೀತು?

ನೆಲದಡಿಯ ಎಣ್ಣೆ ಟ್ಯಾಂಕುಗಳು 2012ರಲ್ಲಿ ಪ್ರದರ್ಶನ ತಾಣಗಳಾದವು. 2016ರಲ್ಲಿ ಹಿಂಬದಿಗೆ ಇಟ್ಟಿಗೆಯ ಹೊಸ ಗೋಪುರ ಸೇರಿತು. ಆವರಣದಲ್ಲಿ ವಿದ್ಯುತ್ ಉಪಕೇಂದ್ರವೊಂದು ಇನ್ನೂ ಕೆಲಸ ಮಾಡುತ್ತಿದೆ. ಅದರ ಟ್ರಾನ್ಸ್‌ಫಾರ್ಮರುಗಳು ಸುಮ್ಮನೆ ಗಾಳಿಗೆ ಬಿಡುತ್ತಿದ್ದ ಶಾಖವನ್ನು ಹಿಡಿದು ಹೊಸ ಕಟ್ಟಡವನ್ನು ಬೆಚ್ಚಗಿಡುವ ಏರ್ಪಾಡನ್ನೂ ಮಾಡಿದ್ದಾರೆ.