ಇಂಗ್ಲಿಷ್ ವಾಚನವೂ ಸೋಮವಾರಪೇಟೆಯ ವಿದ್ಯಾರ್ಥಿಯೂ

ಢಾಕಾದಲ್ಲಿ ಅಧ್ಯಾಪಕರ ಶಿಕ್ಷಣದಲ್ಲಿ ತೊಡಗಿದ್ದ ಮೈಕೇಲ್ ವೆಸ್ಟ್ ಎಂಬವರು ದ್ವಿಭಾಷಿಕತೆಯನ್ನು ಕುರಿತು 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಂಗಾಳಿ ವಿದ್ಯಾರ್ಥಿಗೆ ಇಂಗ್ಲಿಷಿನ ಮಾತಿಗಿಂತ ವಾಚನವೇ ಮೊದಲು ಅಗತ್ಯವೆಂದು ಪ್ರತಿಪಾದಿಸಿದರು. ಹೊಸ ಶಬ್ದಗಳನ್ನು ವಿರಳವಾಗಿ ತಂದು, ಬಂದುವನ್ನು ಮೇಲಿಂದ ಮೇಲೆ ಬಳಸುವ ಅವರ ವಾಚಕಗಳ ಕ್ರಮವು ಸ್ತುತ್ಯವಾದುದು. ಆದರೆ ಸೋಮವಾರಪೇಟೆಯಂತಹ ಊರಿನಲ್ಲಿ ಶಬ್ದಗಳ ಮಿತಿಯೊಂದೇ ಸಾಲದು.

ಮನೆಯಲ್ಲಿ ಅರೆಭಾಷೆಯನ್ನೋ ಕೊಡವ ಭಾಷೆಯನ್ನೋ ತುಳುವನ್ನೋ ಆಡುವ ಮಕ್ಕಳಿಗೆ ಶಾಲೆಯ ಗ್ರಂಥಸ್ಥ ಕನ್ನಡವೇ ಕಲಿತು ಪಡೆಯತಕ್ಕ ಭಾಷೆ. ಅದರ ಲಿಪಿಯನ್ನು ಬಹುಮಟ್ಟಿಗೆ ಬರೆದಂತೆಯೇ ಓದಬಹುದು. ಇಂಗ್ಲಿಷಿನಲ್ಲಾದರೋ ‘ಟಫ್’, ‘ದೋ’, ‘ಥ್ರೂ’ ಎಂಬ ಪದಗಳು ಅವೇ ನಾಲ್ಕು ಅಕ್ಷರಗಳಿಂದ ಮುಗಿದು ಮೂರು ಬಗೆಯಾಗಿ ಧ್ವನಿಸುತ್ತವೆ. ಶಕ್ತಿಯೆಲ್ಲ ಉಚ್ಚಾರಣೆಯಲ್ಲಿ ವ್ಯಯವಾದರೆ ಅರ್ಥಕ್ಕೆ ಉಪಾಧ್ಯಾಯರ ಅನುವಾದವೇ ಗತಿ.

2007–08ನೆಯ ಸಾಲಿನಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿತು. ವರ್ಷಗಳು ಹೆಚ್ಚಿದ ಮಾತ್ರಕ್ಕೆ ವಾಚನಶಕ್ತಿ ಹೆಚ್ಚದು. ಹತ್ತನೆಯ ತರಗತಿಯನ್ನು ಕನ್ನಡದಲ್ಲಿ ಮುಗಿಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾದ ವಿದ್ಯಾರ್ಥಿಗೆ ಈ ಕೊರತೆಯು ಮುಂದಿನ ದಾರಿಯನ್ನೇ ಮುಚ್ಚಬಲ್ಲದು. ಕನ್ನಡದಲ್ಲಿ ಅರ್ಥವರಿತು ಓದುವ ಅಭ್ಯಾಸವೇ ತಳಹದಿ. ಅದರ ಮೇಲೆ ಕಾಫಿ ತೋಟ, ಮಳೆ, ಸಂತೆ ಇವೇ ವಸ್ತುವಾದ ಹಲವು ಸುಲಭ ಪುಸ್ತಕಗಳು ಬೇಕು. ಇದು ವೆಸ್ಟರ ವಿಧಾನಕ್ಕೆ ಪೂರಕವೇ ಹೊರತು ವಿರೋಧಿಯಲ್ಲ.